ಬೆಳ್ಳಿಯ ಬೆನ್ನೇರಿದವನು

ಗಂಗೊಳ್ಳಿಯ ಮೀನು ಒಣಗಿಸುವ ಅಂಗಳದಲ್ಲಿ ಅವತ್ತು ಬೆಳಿಗ್ಗೆ ಬಿದಿರಿನ ಅಟ್ಟಗಳೆಲ್ಲ ಮುರಿದುಬಿದ್ದಿದ್ದವು. ಮರಳ ಮೇಲೆ ಬೈಗೆ ಮೀನು ಚೆಲ್ಲಾಡಿತ್ತು. ಅದರ ನಡುವೆ ಬಿಳಿ ಕುದುರೆ ಬೆಳ್ಳಿ ಬೆವರುತ್ತ ನಿಂತಿತ್ತು. ಬೆನ್ನ ಮೇಲೆ ಜೀನೂ ಇಲ್ಲ, ಸವಾರನೂ ಇಲ್ಲ.

ರಿಕ್ಷಾದ ಗೋಪಿ ಪದ್ಮಾಕ್ಷಮ್ಮನನ್ನು ಕರೆತರುವಷ್ಟರಲ್ಲಿ ಜನ ಸೇರಿಯಾಗಿತ್ತು. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟ ಪದ್ಮಾಕ್ಷಮ್ಮನಿಗೆ ಊರಿನ ಕಳವು, ತಕರಾರು ಬಿಡಿಸುವುದು ಮೂವತ್ತು ವರ್ಷದ ಅಭ್ಯಾಸ. ಅವರನ್ನು ಹೊತ್ತು ತಿರುಗುವುದು ಗೋಪಿಗೆ ಹತ್ತು ವರ್ಷದ್ದು.

"ಮರ್ಲ್ ಕುದ್ರೆ. ಇವತ್ತೇ ಊರ್ ಬಿಟ್ ಹೋಯ್ಕ್," ಎಂದ ಅಂಗಳದ ಯಜಮಾನ ಕುಷ್ಟ.

ಕಡಲ ದಂಡೆಯಲ್ಲಿ ಮಕ್ಕಳಿಗೆ ಸವಾರಿ ಮಾಡಿಸಿ ಬದುಕುವ ವಿಜೇತಾ ಬೆಳ್ಳಿಯ ಕುತ್ತಿಗೆ ಬಿಡಲಿಲ್ಲ. "ಅದೂ ಹೋತಿಲ್ಲ, ನಾನೂ ಹೋತಿಲ್ಲೆ. ಯಾರೋ ಬಿಚ್ಚಿ ಹತ್ತಿದ್ದ್."

"ನಿನ್ ಕುದ್ರೆ ಸಾಕ್ಷಿ ಹೇಳತ್ತಾ?"

"ಕೇಂಡ್ರೆ ಹೇಳತ್," ಎಂದರು ಪದ್ಮಾಕ್ಷಮ್ಮ.

ಅವರು ಹಗ್ಗ ನೋಡಿದರು. ಹರಿದಿರಲಿಲ್ಲ, ಗಂಟು ಬಿಚ್ಚಿತ್ತು. ಗೊರಸಿನ ಗುರುತುಗಳು ಮೊದಲು ಹತ್ತಿರ ಹತ್ತಿರ, ಆಮೇಲೆ ದೂರ ದೂರವಾಗುತ್ತ ನೇರ ಅಟ್ಟದ ಕಡೆಗೆ ಬಂದಿದ್ದವು.

"ಬಾರುಕೋಲಿಲ್ದೆ ಹ್ಯಾಂಗ್ ಓಡಿಸ್ತೆ, ಹೆಣೆ?" ಎಂದು ವಿಜೇತಾಳನ್ನು ಕೇಳಿದರು.

"ಕಾಲ್ ಮೆಲ್ಲ ಒತ್ತಿ ಮುಂದ್ ಬಗ್ಗಿರೆ ಓಡತ್. ಉಸ್ರ್ ಬಿಟ್ ಹಿಂದ್ ಕೂಕಂಡ್ರೆ ನಿಲ್ಲತ್. ಮಾತೂ ಬೇಡ."

"ನಿನ್ನೆ ಸವಾರಿಗೆ ಕುದ್ರೆ ಕೇಂಡ್ ಬಂದವ್ರ್ ಯಾರ್?"

"ಬೈಕ್ ರಿಪೇರಿ ರತನ್, ಕುಷ್ಟಣ್ಣನ ಮಗ ಪ್ರಖ್ಯಾತ್. ಒಬ್ಬಂವ ಹಾರ್ನ್ ಎಲ್ಲಿತ್ ಅಂದ, ಒಬ್ಬಂವ ಬಾರುಕೋಲ್ ಎಲ್ಲಿತ್ ಅಂದ. ಇಬ್ರಿಗೂ ಕೊಡಲಿಲ್ಲೆ."

ಇಬ್ಬರನ್ನೂ ಕರೆಸಿದರು. ಗೋಪಿ ಎರಡು ಕುರ್ಚಿ ಹಾಕಿದ. ರತನ್ ದೊಪ್ಪನೆ ಕೂತ. ಬೋಟಿನಲ್ಲಿ ದುಡಿಯುವ ಪ್ರಖ್ಯಾತ್ ಮಾತ್ರ ನಿಂತೇ ಇದ್ದ.

"ಒಬ್ಬೊಬ್ರೇ ಹತ್ತಿ ಕಾಂಬ," ಎಂದರು ಪದ್ಮಾಕ್ಷಮ್ಮ.

ವಿಜೇತಾ ಹಗ್ಗ ಹಿಡಿದಳು, ರತನ್ ಮೊದಲು ಹತ್ತಿದ. ಬೆಳ್ಳಿ ಹೆಜ್ಜೆ ಇಟ್ಟದ್ದೇ ತಡ ಬ್ರೇಕ್ ಹಿಡಿದವನ ಹಾಗೆ ಹಿಂದಕ್ಕೆ ಜಗ್ಗಿದ. ಕುದುರೆ ನಿಂತಿತು.

"ನಂಗ್ ಇದೆಲ್ಲ ಬತ್ತಿಲ್ಲ," ಎಂದ ಪ್ರಖ್ಯಾತ್.

"ಹತ್ತ್ ಮಗಾ, ಇವ್ರ್ ಬಾಯ್ ಮುಚ್ಲಿ," ಎಂದ ಕುಷ್ಟ.

ಪ್ರಖ್ಯಾತ್ ಹಲ್ಲು ಕಚ್ಚಿ ಹತ್ತಿದ. ಬೆಳ್ಳಿ ಅಲುಗಿತು. ಅವನು ಸಟ್ಟನೆ ಮುಂದೆ ಬಗ್ಗಿ ಎರಡೂ ಕಾಲು ಬಿಗಿದ. ಕುದುರೆ ವಿಜೇತಾಳನ್ನೂ ಎಳೆದುಕೊಂಡು ಓಡಿತು.

"ಹಿಂದ್ ಕೂಕೋ, ಉಸ್ರ್ ಬಿಡ್," ಎಂದು ಅವಳು ಕೂಗಿದಳು. ಅವನು ಹಾಗೇ ಮಾಡಿದ. ಬೆಳ್ಳಿ ನಿಂತಿತು.

ಸುತ್ತ ನಿಂತವರೆಲ್ಲ ಪದ್ಮಾಕ್ಷಮ್ಮನ ಮುಖ ನೋಡಿದರು.

"ಹೆದ್ರಿಕೆ ಆರೆ ಬೈಕಿನವ ಹಿಂದ್ ಜಗ್ಗ್ತ. ಅಳಿವೆ ಬಾಯಲ್ಲಿ ತೆರೆ ಎದ್ರೆ ಬೋಟಿನವ ಬಗ್ಗಿ ಕಾಲ್ ಬಿಗಿತ. ನನ್ ಗಂಡ ನಲ್ವತ್ ವರ್ಷ ಹಾಂಗೇ ದಾಟಿದ್ದ್. ಇಂವ ಬೆಳಿಗ್ಗೆ ಹಗ್ಗ ಬಿಚ್ಚಿ ಹತ್ತಿದ, ಹೆದ್ರಿ ಬಿಗಿದ. ಬೆಳ್ಳಿಗ್ ಅದ್ ಓಡ್ ಅಂದಾಂಗೆ ಆಯ್ತ್. ಓಡಿದಷ್ಟೂ ಹೆದ್ರಿದ, ಹೆದ್ರಿದಷ್ಟೂ ಬಿಗಿದ. ಗೊರಸಿನ ಗುರ್ತ್ ಅದ್ಕೇ ದೂರ ಆಯ್ತ್. ಜೀನಿಲ್ದೆ ಕೂಕಂಡ್ ತೊಡೆ ಉಜ್ಜಿ ಹೋಯ್ತ್, ಅದ್ಕೇ ಕುರ್ಚಿ ಬೇಡ ಆಯ್ತ್. ಅಲ್ದಾ ಮಗಾ?"

"ಹೌದ್," ಎಂದ ಪ್ರಖ್ಯಾತ್ ನೆಲ ನೋಡುತ್ತ. "ಕೊಡುದಿಲ್ಲ ಅಂದಳಲ್ಲ, ಅದ್ಕೇ ಹತ್ತಿದೆ."

ಕುಷ್ಟ ಮಗನ ಕಡೆಯಿಂದ ಮುಖ ತಿರುಗಿಸಿದ. "ಆದ್ರೂ ಕುದ್ರೆ ಇಲ್ಲಿ ಬೇಡ," ಎಂದ.

"ಹೇಳಿದ್ದನ್ನ್ ಕೇಂಡದ್ ಅದ್ರ ತಪ್ಪಾ, ಕುಷ್ಟಣ್ಣ?" ಎಂದರು ಪದ್ಮಾಕ್ಷಮ್ಮ.

ವಿಜೇತಾ ಹಗ್ಗ ಕೆಳಗೆ ಹಾಕಿ ಬೆಳ್ಳಿಯ ಬೆನ್ನೇರಿದಳು. ಎರಡೂ ಕೈ ಕಟ್ಟಿಕೊಂಡಳು. ಅವಳ ಕಾಲು ಅಲುಗಿದ್ದು ಗೋಪಿಗೆ ಕಾಣಲೇ ಇಲ್ಲ. ಕುದುರೆ ಮುರಿದ ಬಿದಿರಿನ ಒಂದು ತುಂಡನ್ನೂ ತುಳಿಯದೆ ನಡೆದು ಬಂದು, ಕುಷ್ಟನ ಎದೆಗೆ ಒಂದು ಗೇಣು ದೂರದಲ್ಲಿ ನಿಂತಿತು.

"ನಾಳೆಯೂ ಬತ್ತೆ. ನಿಮ್ ಮಗಂಗ್ ಕಲಿಕ್ ಅಂದ್ರೆ ಕೇಂಡ್ ಬಪ್ಪುಕ್ ಹೇಳಿ."

ಕುಷ್ಟ ಅಲುಗಲಿಲ್ಲ. ಅವಳೂ ಅಲುಗಲಿಲ್ಲ. ಬೆಳ್ಳಿಯ ಉಸಿರು ಅವನ ಅಂಗಿಗೆ ತಾಗುತ್ತಿತ್ತು. ಕೊನೆಗೆ ಅವನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ.