ಒಣಗದ ಎಲೆಚಪ್ಪರ

ಬೆಳಿಗ್ಗೆ ಕಾಡುಗೆಣಸು ಸುಲಿಯುತ್ತಿದ್ದಾಗ, ನಮ್ಮನ್ನು ನೋಡಲು ಪ್ರವಾಸಿಗರನ್ನು ಕರೆತರುವ ವಿರೋಟ್ ಬಂದ.

“ಅಕ್ಕಾ, ನಾಳೇನೂ ಜನ ಬರ್ತಾರೆ. ಅಕ್ಕಿ ತಂದಿದೀನಿ, ಜಾಗ ಬಿಡ್ಬೇಡಿ.”

“ಹೂತಿರೋರ ಪಕ್ಕ ನೀನೇ ಮಲಗಿ ನೋಡಪ್ಪ.”

ಅವನು ನಕ್ಕ. “ಸುತ್ತ ಎಲ್ಲಾ ರಬ್ಬರ್ ತೋಟ. ಎಲ್ಲಿಗೆ ಹೋಗ್ತೀರಿ?”

ನಾನು ಇನ್ನೊಂದು ಗೆಣಸು ಎತ್ತಿಕೊಂಡೆ. ಸಾವಾದ ಜಾಗವನ್ನು ಅಂದೇ ಬಿಟ್ಟು ಹೊರಡುವ ಜನ ನಾವು. ಈ ಸಲ ಅತ್ತೆಯನ್ನು ಅವಳು ಮಲಗುತ್ತಿದ್ದ ಎಲೆಚಪ್ಪರದಡಿಯೇ ಹೂತು, ಅಕ್ಕಿಗಾಗಿ ಉಳಿದೆವು. ನಮ್ಮ ಚಪ್ಪರಗಳ ಎಲೆಗಳು ಒಣಗಿ ಉದುರಿದವು. ಅವಳದು ಮಾತ್ರ ಇನ್ನೂ ಹಸಿರಾಗಿದೆ.

ಮಗಳು ಲಾಯ್ ಎದ್ದು ಬಂದು ಮಡಿಲಲ್ಲಿ ಕೂತಳು. ಮೈ ತಣ್ಣಗಿತ್ತು. ಇವತ್ತೂ ಕೂದಲಲ್ಲಿ ಹಸಿಮಣ್ಣು. ಮೆಲ್ಲಗೆ ಬಿಡಿಸಿದೆ. ಅವಳು ಕತ್ತೆತ್ತಿ ಕೇಳಿದಳು:

“ಅವ್ವಾ, ಹೇಗೂ ಇಲ್ಲೇ ಇರ್ತೀವಲ್ಲ, ಇವತ್ತೂ ಅಜ್ಜಿ ಹತ್ರಾನೇ ಮಲಗ್ಲಾ?”