ಕೊಳಾಯಿಯ ಪಕ್ಕ ಬಾಯಾರಿ ಸತ್ತವನು

ಕುರಿಗಾಹಿ ಮೊದಲು ಅವನು ಮಲಗಿದ್ದಾನೆಂದೇ ತಿಳಿದ. ಸೆರ್ನಾಲ್ಬಾ ಊರಿನ ಪಡುವಣ ತುದಿಯ ಕಲ್ಲು ಕೊಳಾಯಿಯ ಬುಡದಲ್ಲಿ ಯಾತ್ರಿಕರು ಬಿದ್ದುಕೊಳ್ಳುವುದು ಹೊಸದಲ್ಲ. ಪಡುವಣದ ಪುಣ್ಯಕ್ಷೇತ್ರ ಸಾಂತಿಯಾಗೊಗೆ ನಡೆದು ಹೋಗುವವರು ಬೇಸಿಗೆಯಲ್ಲಿ ನೆರಳು ಕಂಡಲ್ಲಿ ಕಾಲು ಚಾಚುತ್ತಾರೆ. ಕುರಿಗಳು ನೀರಿಗೆ ನುಗ್ಗಿದವು. ಅವನ ಕಾಲು ತುಳಿದವು. ಅವನು ಅಲ್ಲಾಡಲಿಲ್ಲ.

ಸಾರ್ಜೆಂಟ್ ಒಲಾಯ ಬಂದಾಗ ಸಂಜೆಯಾಗಿದ್ದರೂ ಬಿಸಿಲು ಇಳಿದಿರಲಿಲ್ಲ. ಸತ್ತವನು ಅರವತ್ತು ದಾಟಿದ ಗಂಡಸು. ಬೆನ್ನುಚೀಲಕ್ಕೆ ಯಾತ್ರಿಕರ ಗುರುತಾದ ಕಡಲಚಿಪ್ಪು ಕಟ್ಟಿತ್ತು. ತುಟಿ ಒಡೆದಿತ್ತು. ಪಕ್ಕದಲ್ಲಿ ಖಾಲಿ ಬಾಟಲಿ. ಅವನ ತಲೆಯ ಮೇಲ್ಗಡೆ, ಹಗಲಿರುಳೂ ಹರಿಯುವ ಆ ಕೊಳಾಯಿ ಕಲ್ಲುಬಾನಿಗೆ ಧಾರಾಳವಾಗಿ ಸುರಿಯುತ್ತಿತ್ತು.

ಬಿಸಿಲು ಬಡಿದು ಸತ್ತಿದ್ದಾನೆ, ಮೈಯಲ್ಲಿ ನೀರಿನ ಪಸೆಯೇ ಇಲ್ಲ, ಮೂರೂ ನಾಲ್ಕೂ ಗಂಟೆಯ ನಡುವೆ ಜೀವ ಹೋಗಿರಬೇಕು ಎಂದು ಡಾಕ್ಟರ್ ಹೇಳಿದ.

"ನೀರಿನ ಪಕ್ಕದಲ್ಲೇ?" ಎಂದ ಕಾನ್‌ಸ್ಟೇಬಲ್ ಬೆಲ್ತ್ರಾನ್. "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂತಾರಲ್ಲ ಮೇಡಂ, ಹಾಗಾಯ್ತು."

ಒಲಾಯ ಸತ್ತವನ ಬೆರಳುಗಳನ್ನು ನೋಡುತ್ತಿದ್ದಳು. ಉಗುರಿನ ಸಂದಿಯಲ್ಲಿ ಹಸಿರು. ಕೊಳಾಯಿಯ ಕೆಳಗಿನ ಕಲ್ಲುಬಾನಿಗೆ ಬಗ್ಗಿ ನೋಡಿದಳು. ತಳದ ತೂತಿನಿಂದ ನೀರು ಹರಿದು ಹೋಗುತ್ತಿತ್ತು. ಅದರ ಸುತ್ತಲಿನ ಪಾಚಿಯನ್ನು ಯಾರೋ ಗೀರಿ ಕಿತ್ತಿದ್ದರು.

ಊರು ಆಗಲೇ ನೆರೆದಿತ್ತು. ಕೊಳಾಯಿಗೆ ಅಂಟಿದ ಮನೆಯ ಪ್ರಿಮಿ ಅಜ್ಜಿ ಬಂದು ಒಲಾಯಳ ಕೈಗೆ ಒಂದು ಟೊಮೆಟೊ ಇಟ್ಟಳು. ಪ್ರಿಮಿತಿವಾ ಎಂಬ ಆಕೆಯ ಪೂರ್ತಿ ಹೆಸರು ಪಾದ್ರಿಗೆ ಮಾತ್ರ ನೆನಪಿತ್ತು. ಆಕೆ ದಿನಾ ನಸುಕಿನಲ್ಲಿ ಗೋಡೆಯ ಮೇಲೆ ಟೊಮೆಟೊ ಸಾಲಾಗಿ ಇಡುತ್ತಾಳೆ. ಯಾತ್ರಿಕರಿಗೆ ಪುಕ್ಕಟೆ. ಬದಲಿಗೆ ಕೇಳುವುದು ಒಂದೇ. ಹಿಂದೆ ತನ್ನ ಮಗಳು ಜ್ವರದಲ್ಲಿ ಸಾಯುವಂತಾದಾಗ ಸಾಂತಿಯಾಗೊಗೆ ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದಳು. ಮಗಳು ಉಳಿದಳು. ಆಮೇಲೆ ಹೊಲ, ಹಸು, ಕೊನೆಗೆ ಮಂಡಿನೋವು. ಹರಕೆ ಹಾಗೇ ಉಳಿಯಿತು. ಸಾಂತಿಯಾಗೊದ ಇಗರ್ಜಿಯಲ್ಲಿ ಯಾತ್ರಿಕರೆಲ್ಲ ಸಂತ ಯಾಕೋಬರ ಮೂರ್ತಿಯನ್ನು ಹಿಂದಿನಿಂದ ತಬ್ಬುತ್ತಾರೆ. "ನನ್ನ ಪರವಾಗಿಯೂ ಯಾಕೋಬಪ್ಪನನ್ನ ಒಂದ್ಸಲ ತಬ್ಕೊಳ್ಳಿ" ಎಂದು ಆಕೆ ಎಲ್ಲರಿಗೂ ಹೇಳುತ್ತಾಳೆ. ಎಲ್ಲರೂ ಆಗಲಿ ಎನ್ನುತ್ತಾರೆ. ತಬ್ಬಿದರೋ ಇಲ್ಲವೋ, ಬಂದು ಹೇಳಿದವರಿಲ್ಲ.

"ತಿನ್ನು ಮಗಳೇ," ಎಂದಳು ಅಜ್ಜಿ. "ಬಿಸಿಲಲ್ಲಿ ಬಂದಿದೀಯ."

ಒಲಾಯ ದೂರ ಸರಿದು ತಿಂದಳು. ರಸ ಮೊಣಕೈವರೆಗೆ ಇಳಿಯಿತು.

* * *

ಬೆಳಿಗ್ಗೆಯ ಹೊತ್ತಿಗೆ ಊರು ತೀರ್ಪು ಕೊಟ್ಟಾಗಿತ್ತು. ಮೂಡಣ ತುದಿಯ ಬಾರಿನ ಕಿಟಕಿ ಗಾಜು ಪುಡಿಯಾಗಿತ್ತು. ಮಾಲೀಕ ಸೆವೇರೊ ಪೊರಕೆ ಹಿಡಿದು ನಿಂತಿದ್ದ.

ಅವನ ಮೇಲೆ ಹಳೆಯ ಕಳಂಕವಿತ್ತು. ಎರಡು ಬೇಸಿಗೆಯ ಹಿಂದೆ ಕೊಳಾಯಿ ನಿಲ್ಲಿಸಿ, ಬಾಟಲಿ ನೀರು ಮಾರಿ ಸಿಕ್ಕಿಬಿದ್ದಿದ್ದ. ಕೊಳಾಯಿಯ ವಾಲ್ವ್ ಇರುವುದು ಪ್ರಿಮಿ ಅಜ್ಜಿಯ ಹಿತ್ತಲ ಗೋಡೆಯ ಒಳಗೆ, ಕಬ್ಬಿಣದ ಮುಚ್ಚಳದ ಕೆಳಗೆ. ಹಿತ್ತಲಿಗೆ ಬೀಗವಿಲ್ಲ. ವಾಲ್ವ್ ತಿರುಗಿಸಿದರೆ ಕೊಳಾಯಿ ನಿಂತು ನೀರು ಹಳೆಯ ಕಾಲುವೆಗೆ, ಹಿತ್ತಲುಗಳ ಕಡೆಗೆ ಹರಿಯುತ್ತದೆ. ಈ ವರ್ಷ ಮಳೆಯಿಲ್ಲವೆಂದು ಮೇಯರ್ ಹಿತ್ತಲುಗಳಿಗೆ ನೀರು ಬಿಡಕೂಡದೆಂದು ಸಾರಿಸಿದ್ದ.

ಸತ್ತವನು ಮೂಡಣದಿಂದ ಬಂದ, ಸೆವೇರೊನ ಬಳಿ ನೀರು ಬೇಡಿದ, ಇವನು ಬೈದು ಅಟ್ಟಿದ, ಅತ್ತ ಕೊಳಾಯಿಯನ್ನೂ ನಿಲ್ಲಿಸಿಟ್ಟಿದ್ದ: ಇದು ಊರಿನ ಮಾತು. ಬೈದದ್ದನ್ನು ಪಕ್ಕದ ಮನೆಯವಳು ಕಿವಿಯಾರೆ ಕೇಳಿದ್ದಳಂತೆ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಯಾವ ಊರಲ್ಲೂ ಬರವಿಲ್ಲ.

"ನಾನು ಬೈದದ್ದು ಟಿವಿಯ ಸೈಕಲ್ ರೇಸಲ್ಲಿ ತುಳೀತಿದ್ದವನನ್ನ," ಎಂದ ಸೆವೇರೊ. "ಬೆಟ್ಟ ಹತ್ತೋಕಾಗ್ದೆ ಇಳಿದು ನಿಂತ, ದರಿದ್ರ."

"ಆ ಹೊತ್ತಲ್ಲಿ ಬಾರಿಗೆ ಯಾರೂ ಬರ್ಲಿಲ್ವಾ?"

"ಮಧ್ಯಾಹ್ನ ಮೂರಕ್ಕಾ? ನಾಯಿ ಕೂಡ ಬರಲ್ಲ ಮೇಡಂ. ಯಾತ್ರಿಕರು ನಸುಕಲ್ಲಿ ಹೊರಟು ಬಿಸಿಲೇರೋದ್ರೊಳಗೆ ದಾಟಿಹೋಗಿರ್ತಾರೆ. ಊರೆಲ್ಲ ನಿದ್ದೆ. ಆಗ ಕೊಳಾಯಿ ನಿಲ್ಸಿ ನೀರು ಯಾರಿಗೆ ಮಾರ್ಲಿ, ಗೋಡೆಗಾ?" ಅವನ ದನಿ ತಗ್ಗಿತು. "ನಾನು ಕೆಟ್ಟವನೇ ಇರಬಹುದು. ಆದ್ರೆ ಕೊಲೆಗಾರ ಅನ್ನಿಸ್ಕೊಂಡು ಈ ಊರಲ್ಲಿ ಹೇಗೆ ಬಾಳ್ಲಿ?"

ವಾಪಸು ಹೊರಟಾಗ ಬೆಲ್ತ್ರಾನ್ ಪ್ರಿಮಿ ಅಜ್ಜಿಯ ಮನೆಯ ಮುಂದೆ ಜೀಪು ನಿಧಾನ ಮಾಡಿ, ತಿಂಡಿ ತಪ್ಪಿದವನಂತೆ ಮುಖ ಮಾಡಿದ. ಗೋಡೆಯ ಮೇಲೆ ಒಂದು ಟೊಮೆಟೊವೂ ಇರಲಿಲ್ಲ.

* * *

ಶವಾಗಾರದಲ್ಲಿ ಒಲಾಯ ಸತ್ತವನ ಕಾಲುಗಳನ್ನು ಬಹಳ ಹೊತ್ತು ನೋಡಿದಳು. ಯಾತ್ರಿಕರು ಪಡುವಣಕ್ಕೆ ನಡೆಯುತ್ತಾರೆ. ಬಿಸಿಲು ತೆಂಕಣದಿಂದ, ಅಂದರೆ ಎಡಗಡೆಯಿಂದ ಬೀಳುತ್ತದೆ. ಅವರ ಎಡಗಾಲು, ಎಡಗಿವಿ ಸುಡುತ್ತವೆ. ಈ ದಾರಿಯವರಿಗೆ ಇದು ಹಳೆಯ ತಮಾಷೆ. ಇವನ ಎಡಗಡೆಯೂ ಕಪ್ಪಾಗಿತ್ತು, ಆದರೆ ಮಾಸಿದ ಕಪ್ಪು. ಬಲಗಡೆ ಹಸಿಹಸಿ ಕೆಂಪು. ಚರ್ಮ ಏಳುತ್ತಿತ್ತು.

"ಇವನು ಹಿಂದಕ್ಕೆ ಬರ್ತಿದ್ದ," ಎಂದಳು.

"ಹಿಂದಕ್ಕೆ ಯಾರು ನಡೀತಾರೆ ಮೇಡಂ? ಎಲ್ಲರೂ ರೈಲೋ ಬಸ್ಸೋ ಹತ್ತಿ ಹೋಗ್ತಾರೆ."

ಹಿಂದಕ್ಕೆ ಬಂದಿದ್ದರೆ ಅವನು ಸೆವೇರೊನ ಬಾರನ್ನು ಮುಟ್ಟಿಯೇ ಇಲ್ಲ. ಪಡುವಣದ ನೆರಳಿಲ್ಲದ ಗೋಧಿ ಬಯಲನ್ನು ದಾಟಿದವನಿಗೆ ಸಿಗುವ ಮೊದಲ ನೀರೇ ಆ ಕೊಳಾಯಿ.

ಸತ್ತವನ ಮಗಳು ಪಾಂಪ್ಲೋನಾದಿಂದ ಫೋನಿಗೆ ಸಿಕ್ಕಳು. ಅಪ್ಪನ ಹೆಸರು ಫೆರ್ಮಿನ್ ಒಸಾಕಾರ್, ಬಸ್ಸು ಓಡಿಸಿ ನಿವೃತ್ತನಾದವನು. ಸಾಂತಿಯಾಗೊ ಮುಟ್ಟಿಯಾಗಿತ್ತು. ವಾಪಸು ಸೆರ್ನಾಲ್ಬಾದ ಪಡುವಣಕ್ಕಿರುವ ಲೆಯೋನ್‌ವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಮತ್ತೆ ನಡೆಯತೊಡಗಿದ್ದ.

"ಸೆರ್ನಾಲ್ಬಾದಲ್ಲಿ ಒಬ್ಬ ಅಜ್ಜಿಗೆ ಮಾತು ಕೊಟ್ಟಿದೀನಿ, ಅವರ ಮನೆಗೆ ನಡ್ಕೊಂಡೇ ಹೋಗ್ಬೇಕು ಅಂದ್ರು. ನೀರು ಜಾಸ್ತಿ ಇಟ್ಕೊಳ್ಳಿ ಅಂದೆ. ಊರ ಬಾಯಲ್ಲೇ ಒಳ್ಳೆ ಕೊಳಾಯಿ ಇದೆ, ಯಾಕೆ ಹೊರೆ ಅಂದ್ರು."

"ಏನು ಮಾತು ಅಂತ ಹೇಳಿದ್ರಾ?"

"ತಬ್ಕೊಂಡೆ ಅಂತ ಹೇಳ್ಬೇಕು ಅಂದ್ರು. ನಂಗೇನೂ ಅರ್ಥ ಆಗ್ಲಿಲ್ಲ."

ಒಲಾಯಳಿಗೆ ಅರ್ಥವಾಯಿತು. ಫೋನಿಟ್ಟ ಮೇಲೂ ಅಲ್ಲೇ ಕುಳಿತಳು. ಈ ಕೆಲಸಕ್ಕೆ ಯಾಕಾದರೂ ಸೇರಿದೆನೋ ಎನ್ನಿಸಿತು. ಸೆವೇರೊನೇ ಅಪರಾಧಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದೂ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು.

* * *

ಪ್ರಿಮಿ ಅಜ್ಜಿ ಹಿತ್ತಲಲ್ಲಿ ಬರಿಗೈಯಲ್ಲಿ ಕುಳಿತಿದ್ದಳು. ಗಿಡಗಳಲ್ಲಿ ಹಣ್ಣು ತೂಗುತ್ತಿತ್ತು. ಒಲಾಯ ಬಗ್ಗಿ ಬುಡಕ್ಕೆ ಬೆರಳು ಊರಿದಳು. ಮಣ್ಣು ಒಳಗೆ ಒದ್ದೆ. ಬೇಲಿಯಾಚೆಯ ಹಿತ್ತಲುಗಳು ಹುಲ್ಲು ಕೂಡ ಇಲ್ಲದೆ ಬಿರಿದಿದ್ದವು.

"ನಿಮ್ಮ ಟೊಮೆಟೊ ಇಡೀ ಊರು ತಿಂದಿದೆ ಅಜ್ಜಿ. ನಾನೂ ತಿಂದೆ. ಈ ಬರದಲ್ಲಿ ಇದಕ್ಕೆ ನೀರೆಲ್ಲಿಂದ ಅಂತ ಒಬ್ಬರೂ ಕೇಳ್ಲಿಲ್ಲ."

ಅಜ್ಜಿ ಪಕ್ಕದ ಗಿಡದಿಂದ ಒಂದು ಒಣಗಿದ ಎಲೆ ಚಿವುಟಿದಳು.

"ಅವನ ಉಗುರಲ್ಲಿ ಪಾಚಿ ಇತ್ತು. ನೀರು ಬರ್ತಿದ್ರೆ ಯಾರೂ ಪಾಚಿ ಕೆರೆದು ಹೀರಲ್ಲ. ಅವನು ಪಡುವಣದಿಂದ ಹಿಂದಕ್ಕೆ ನಡೆದು ಬಂದಾಗ ಕೊಳಾಯಿ ನಿಂತಿತ್ತು. ನೀರು ಮಾರೋನು ಬೆಳಿಗ್ಗೆ ನಿಲ್ಲಿಸ್ತಾನೆ, ಜನ ಸಾಲುಗಟ್ಟಿ ಬರೋವಾಗ. ಮಧ್ಯಾಹ್ನದ ನಿದ್ದೆ ಹೊತ್ತಲ್ಲಿ ನಿಲ್ಲಿಸೋರು ಯಾರು? ಯಾರೊಬ್ಬರಿಗೂ ನೀರು ತಪ್ಪಬಾರದು ಅನ್ನೋರು. ಅಂಥವರು ಈ ಊರಲ್ಲಿ ಎಷ್ಟು ಜನ ಇದಾರೆ?" ಒಲಾಯ ತಡೆದು ಹೇಳಿದಳು. "ಅವನು ಸತ್ತ ಮಾರನೇ ದಿನ ಗೋಡೆ ಖಾಲಿ ಇತ್ತು."

"ಆ ಹೊತ್ತಲ್ಲಿ ಯಾರೂ ನಡೆಯಲ್ಲ ಮಗಳೇ," ಎಂದಳು ಅಜ್ಜಿ. "ನಾನು ಹುಟ್ಟಿದಾರಭ್ಯ ಯಾರೂ ನಡೆದಿಲ್ಲ. ವಾಲ್ವ್ ತಿರುಗಿಸಿ ಗಿಡಕ್ಕೆ ನೀರು ಬಿಟ್ಟು ಬಂದು ಮಲಗ್ತಿದ್ದೆ. ಎದ್ದು ಮತ್ತೆ ಕೊಳಾಯಿಗೆ ಬಿಡ್ತಿದ್ದೆ. ಬಾಗಿಲು ತಟ್ಟೋಕೂ ಅವನಿಗೆ ಶಕ್ತಿ ಇರ್ಲಿಲ್ವೇನೋ, ಗೋಡೆ ಆಚೆ ಅವನು ಬಿದ್ದಿದ್ದು ನಂಗೆ ಕಾಣ್ಲಿಲ್ಲ." ಸೆವೇರೊನ ಕಿಟಕಿ ಒಡೆದ ಸದ್ದು ಕೇಳಿದಾಗ ಎರಡು ಸಲ ಬಾಗಿಲವರೆಗೆ ಹೋಗಿದ್ದಳಂತೆ. ಕಾಲು ಮುಂದೆ ಬರಲಿಲ್ಲವಂತೆ.

ಒಲಾಯ ಹೆದರಿದ್ದ ಪ್ರಶ್ನೆಯನ್ನೇ ನಂತರ ಅಜ್ಜಿ ಕೇಳಿದಳು. "ಅವನು ಯಾಕೆ ಹಿಂದಕ್ಕೆ ಬಂದ? ಯಾರೂ ಬರಲ್ಲವಲ್ಲ."

ಒಲಾಯ ಸುಳ್ಳು ಹೇಳಬಹುದಿತ್ತು. ಕಾನೂನಿಗೆ ಆ ಮಾತು ಬೇಕಿರಲಿಲ್ಲ. ಆದರೆ ಅದನ್ನು ತಲುಪಿಸಲೆಂದೇ ಒಬ್ಬ ಮನುಷ್ಯ ಬಯಲನ್ನು ದಾಟಿದ್ದ.

"ನಿಮಗೆ ಹೇಳೋಕೆ ಬಂದ. ನಿಮ್ಮ ಪರವಾಗಿ ತಬ್ಕೊಂಡಿದ್ದ."

ಅಜ್ಜಿ ಮುಖ ಮುಚ್ಚಿಕೊಳ್ಳಲಿಲ್ಲ, ಅಳಲೂ ಇಲ್ಲ. ಅವನ ಹೆಸರು ಕೇಳಿದಳು. ಫೆರ್ಮಿನ್ ಎಂದು ಒಂದು ಸಲ ಹೇಳಿಕೊಂಡಳು. "ಹೋಗೋರಿಗೆಲ್ಲ ಹಣ್ಣು ಕೊಟ್ಟೆ," ಎಂದಳು. "ಬಂದವನಿಗೆ ಒಂದು ಗುಟುಕು ನೀರು ಕೊಡ್ಲಿಲ್ಲ."

* * *

ನಸುಕಿನಲ್ಲಿ ಜೀಪು ಬಂತು. ನ್ಯಾಯಾಧೀಶರೆದುರು ಹೇಳಿಕೆ ಕೊಡಬೇಕಿತ್ತು. ಅಜ್ಜಿ ಇಗರ್ಜಿಗೆ ಉಡುವ ಕಪ್ಪು ಬಟ್ಟೆ ಉಟ್ಟಿದ್ದಳು. ಮೊದಲು ಸೆವೇರೊನ ಬಾರಿಗೆ ಕರೆದುಕೊಂಡು ಹೋಗು ಎಂದಳು. ಸೆವೇರೊನ ಮುಂದೆ, ಕಾಫಿ ಕುಡಿಯುತ್ತಿದ್ದವರೆಲ್ಲರ ಮುಂದೆ, ತಾನು ಮಾಡಿದ್ದನ್ನು ತಾನೇ ಹೇಳಿದಳು. ಯಾರೂ ತಲೆಯೆತ್ತಲಿಲ್ಲ. ಸೆವೇರೊ ಬಂದು ಅಜ್ಜಿಯ ತೋಳು ಹಿಡಿದು ಜೀಪಿನವರೆಗೆ ನಡೆಸಿದ.

ಊರು ಬಿಡುವಾಗ ಕೊಳಾಯಿಯ ಬಳಿ ಯಾತ್ರಿಕರು ಬಾಟಲಿ ತುಂಬುತ್ತಿದ್ದರು. ಒಬ್ಬ ಹುಡುಗಿ ಖಾಲಿ ಗೋಡೆ ನೋಡಿ, ಜೀಪಿನೊಳಗಿನ ಅಜ್ಜಿಯನ್ನು ನೋಡಿ ಹತ್ತಿರ ಬಂದಳು.

"ಪ್ರಿಮಿ ಅಜ್ಜಿ ನೀವೇನಾ? ಹಿಂದಿನ ಊರಲ್ಲಿ ಹೇಳಿದ್ರು. ನಿಮ್ಮ ಪರವಾಗಿ ಯಾಕೋಬಪ್ಪನನ್ನ ತಬ್ಕೋಬೇಕಂತೆ."

ಅಜ್ಜಿ ಕಿಟಕಿಯಿಂದ ಕೈ ಚಾಚಿ ಆ ಹುಡುಗಿಯ ಎಡಗೆನ್ನೆ ಮುಟ್ಟಿದಳು.

"ಬೇಡ ಮಗಳೇ," ಎಂದಳು. "ಅದು ಆಗಿದೆ."