ಮೂರು ಶಾಲು ಹೊದ್ದ ಕಂಚಿನ ಹಕ್ಕಿ

ಬಹಳ ಹಿಂದೆ, ಕಡಲ ದಡದಲ್ಲಿ ಅಲೆಯೂರೆಂಬ ರಾಜ್ಯವಿತ್ತು. ಅದರ ನೆತ್ತಿಯ ಮೇಲೆ, ಮೋಡಗಳಿಗಿಂತ ಎಷ್ಟೋ ಎತ್ತರದಲ್ಲಿ, ಮುಗಿಲುಗಣ್ಣಿ ಎಂಬ ಕಂಚಿನ ಹಕ್ಕಿ ಹಾರುತ್ತಿತ್ತು. ಉತ್ತರದ ಹಿಮದಿಂದ ದಕ್ಷಿಣದ ಹಿಮಕ್ಕೆ, ಅಲ್ಲಿಂದ ಮತ್ತೆ ಉತ್ತರಕ್ಕೆ, ದಿನಕ್ಕೆ ಹದಿನಾಲ್ಕು ಸುತ್ತು. ಕೆಳಗೆ ಭೂಮಿಯೂ ತಿರುಗುತ್ತಿದ್ದುದರಿಂದ ಪ್ರತಿ ಸುತ್ತಿಗೂ ಹೊಸದೊಂದು ಪಟ್ಟಿ ಕಾಣುತ್ತಿತ್ತು. ಹಕ್ಕಿಗೆ ಎರಡು ಕಣ್ಣು. ಒಂದು ಬೆಳಕನ್ನು ನೋಡುವುದು, ಇನ್ನೊಂದು ಬಿಸಿ ತಂಪನ್ನು ನೋಡುವುದು. ಕಂಡದ್ದನ್ನು ಅದು, ಗೋಪುರದಲ್ಲಿ ಕೂತು ತನ್ನ ಮಾತು ಬರೆದುಕೊಳ್ಳುವ ಸಿರಿಯವ್ವನಿಗೆ ಹೇಳುತ್ತಿತ್ತು. ಸಿರಿಯವ್ವ ಅದನ್ನು ಆಸ್ಥಾನದಲ್ಲಿ ಓದುತ್ತಿದ್ದಳು.

"ಹಿಮ ಒಡೆದಿದೆ ಅಂದರೆ, ಅರಸರ ಮೆರವಣಿಗೆಗೆ ಮಳೆ ಬರುತ್ತಾ ಅಂತ ಕೇಳ್ತಾರೆ," ಎಂದು ಹಕ್ಕಿ ಗೊಣಗುತ್ತಿತ್ತು.

"ನನ್ನನ್ನೂ ಅದನ್ನೇ ಕೇಳ್ತಾರೆ. ನೀನು ಹೇಳು, ಬರಕೊಳ್ತೀನಿ," ಎನ್ನುತ್ತಿದ್ದಳು ಸಿರಿಯವ್ವ.

ಕಡಲಾಚೆ ಧೂಮಾಕ್ಷನೆಂಬ ಮಾಂತ್ರಿಕನಿದ್ದ. ದೋಣಿಗಳನ್ನು ನುಂಗುವ ಬಿರುಗಾಳಿಯ ಸರ್ಪವೊಂದನ್ನು ಸಾಕಿದ್ದ. ಅದಕ್ಕೆ ಮೂರು ಹೆಡೆ. ಅದು ಬರುವ ಸುದ್ದಿಯನ್ನು ಆಸ್ಥಾನದಲ್ಲಿ ಮೊದಲೇ ಓದಿದರೆ ಒಂದು ಹೆಡೆ ಉದುರುತ್ತಿತ್ತು.

ಮೊದಲ ಸಲ ಅವನು ಸರ್ಪವನ್ನು ಕತ್ತಲಲ್ಲಿ ಬಿಟ್ಟ. ಹಕ್ಕಿಯ ಎರಡನೆಯ ಕಣ್ಣಿಗೆ ಕತ್ತಲೆಯ ಲೆಕ್ಕವಿಲ್ಲ. ಸುದ್ದಿ ಓದಿದರು. ಒಂದು ಹೆಡೆ ಉದುರಿತು.

ಅಷ್ಟರಲ್ಲಿ ಹಕ್ಕಿಯ ಮೂರು ವರ್ಷದ ಅವಧಿ ಮುಗಿಯಿತು. ಗೋಪುರದಲ್ಲಿದ್ದ ಅದರ ಮರದ ಗೊಂಬೆಗೆ ಶಾಲು ಹೊದಿಸಿ, ಹಾರ ಹಾಕಿ ಬೀಳ್ಕೊಟ್ಟರು. ಶಾಲು ಹೊದ್ದವರ ಮಾತು ಆಸ್ಥಾನದಲ್ಲಿ ನಡೆಯುವಂತಿಲ್ಲ, ಅದು ಅಲೆಯೂರಿನ ಪದ್ಧತಿ. ಮರುದಿನ ಮಂತ್ರಿ ಬೋಳಪ್ಪಯ್ಯನವರು ಬಂದರು.

"ಇದರ ಬದಲಿಗೆ ಬರಬೇಕಾದ ಹೊಸ ಹಕ್ಕಿಯ ರೆಕ್ಕೆ ಬಲಿತಿಲ್ಲವಂತೆ. ಶಾಲು ತೆಗೆಯಿರಿ."

ಎರಡನೆಯ ಸಲ ಧೂಮಾಕ್ಷ, ಹಕ್ಕಿ ಆಗತಾನೆ ನೋಡಿಹೋದ ಪಟ್ಟಿಗೆ ಸರ್ಪವನ್ನು ಸರಿಸಿದ. ಅರ್ಧ ದಿನದಲ್ಲಿ ಭೂಮಿ ಆ ಪಟ್ಟಿಯನ್ನು ತಿರುಗಿಸಿ ಹಕ್ಕಿಯ ಕೆಳಗೇ ತಂದಿಟ್ಟಿತು. ಇನ್ನೊಂದು ಹೆಡೆ ಉದುರಿತು. ಇನ್ನೊಂದು ಶಾಲು ಬಂತು. ಅದನ್ನೂ ತೆಗೆಸಿದರು.

ಹನ್ನೊಂದನೆಯ ವರ್ಷ ಮೂರನೆಯ ಶಾಲು ಹೊದಿಸಿದರು. ಹಕ್ಕಿಯ ಬೆಳಕಿನ ಕಣ್ಣು ಆಗಲೇ ಕುರುಡಾಗಿತ್ತು. ಹೊಸ ಹಕ್ಕಿ ಹಾರಿತ್ತು, ಆದರೆ ಅದರ ಎರಡನೆಯ ಕಣ್ಣು ಇನ್ನೂ ತೆರೆದಿರಲಿಲ್ಲ. ಆಸ್ಥಾನವೆಲ್ಲ ಗೋಪುರದಲ್ಲಿ ನೆರೆದು, ಅರಸರ ಮುಂದೆ ಬೋಳಪ್ಪಯ್ಯನವರ ಭಾಷಣ ನಡೆಯುತ್ತಿರುವಾಗ ಹಳೆಯ ಹಕ್ಕಿ ಕೇಳಿತು, "ಸಿರಿಯವ್ವ, ನಿನ್ನ ಮಗಳು ಯಾವ ಕಡೆ ಹೋಗಿದ್ದಾಳೆ?"

"ಪಡುವಣಕ್ಕೆ, ನಲವತ್ತು ದೋಣಿಗಳ ಜೊತೆ. ಯಾಕೆ?"

"ಅಲ್ಲಿ ಧೂಮಾಕ್ಷ ಬಿಳಿ ಮುಸುಕು ಹಾಸಿದ್ದಾನೆ. ಹೊಸದು ಅದನ್ನು ಮಂಜು ಅನ್ನುತ್ತೆ. ಮಂಜಿನ ನೆತ್ತಿ ಇಷ್ಟು ತಣ್ಣಗಿರಲ್ಲ. ಸರ್ಪ ಹೆಡೆ ಎತ್ತಿದೆ."

ಸಿರಿಯವ್ವ ಎದ್ದಳು.

"ಕೂತ್ಕೊಳ್ಳಮ್ಮ, ಇನ್ನೂ ನಾಲ್ಕು ಮಾತು ಉಳಿದಿದೆ," ಎಂದರು ಮಂತ್ರಿಗಳು.

"ಸ್ವಾಮಿ, ಸರ್ಪ ಬರ್ತಿದೆ. ನನ್ನ ಮಗಳು ಕಡಲಲ್ಲಿದ್ದಾಳೆ."

"ಹಕ್ಕಿಗೆ ಶಾಲು ಹೊದಿಸಿ ಆಯಿತಲ್ಲ. ಇನ್ನು ಅದರ ಮಾತು ಓದುವ ಹಾಗಿಲ್ಲ."

"ಎರಡು ಸಲ ತಾವೇ ತೆಗೆಸಿದಿರಿ. ಈ ಸಲ ನಾನು ತೆಗೀತೀನಿ," ಎಂದು ಸಿರಿಯವ್ವ ಗೊಂಬೆಯ ಶಾಲನ್ನು ಎಳೆದಳು. ನೀಟಾಗಿ ಮಡಚಿ ಬೋಳಪ್ಪಯ್ಯನವರ ಹೆಗಲಿಗೆ ಹೊದಿಸಿದಳು. "ಈಗ ತಾವು ಮಾತಾಡುವ ಹಾಗಿಲ್ಲ."

ಮಂತ್ರಿಗಳು ಬಾಯಿ ತೆರೆದರು, ಪದ್ಧತಿ ನೆನಪಾಗಿ ಮುಚ್ಚಿದರು. ಅರಸರು, "ಓದಮ್ಮ," ಎಂದರು.

ಅವಳು ಓದಿದಳು. ಕಹಳೆ ಮೊಳಗಿತು, ದೋಣಿಗಳು ದಡಕ್ಕೆ ತಿರುಗಿದವು. ಮುಸುಕು ಹರಿದು ಕೊನೆಯ ಹೆಡೆ ಕಳಚಿ ಧೂಮಾಕ್ಷನ ಮೇಲೆಯೇ ಬಿತ್ತು. ಅವನು ಬೂದಿಯಾದ. ಸಾಯುವ ಸರ್ಪದ ಒದ್ದಾಟಕ್ಕೆ ಮೂರು ದಿನ ಕಡಲು ಕುದಿಯಿತು. ಆಗ ಅದರ ಮೇಲೆ ಒಂದು ದೋಣಿಯೂ ಇರಲಿಲ್ಲ.

"ಬಲೆ ತುಂಬಿತ್ತು, ಕತ್ತರಿಸಿ ಬರಬೇಕಾಯ್ತು," ಎಂದು ಮಗಳು ಕಾವೇರಕ್ಕ ಸಿಡುಕಿದಳು.

"ಬೈಯಿ ಮಗಳೇ, ಮನೇಲಿ ಕೂತು ಎಷ್ಟು ಬೇಕಾದರೂ ಬೈಯಿ," ಎಂದಳು ತಾಯಿ.

ಹೊಸ ಹಕ್ಕಿಯ ಎರಡನೆಯ ಕಣ್ಣು ತೆರೆದ ದಿನ ಹಳೆಯದು ಕೇಳಿತು, "ಈಗಲಾದರೂ ಬಿಡ್ತೀರಾ?"

"ಬಿಡ್ತೀವಿ," ಎಂದಳು ಸಿರಿಯವ್ವ. "ಹೊಟ್ಟೆಯಲ್ಲಿ ಉಳಿದ ಬೆಂಕಿಯನ್ನೆಲ್ಲ ಖಾಲಿ ಮಾಡು. ಜನರಿಲ್ಲದ ದಕ್ಷಿಣದ ಕಡಲಿನ ಮೇಲೆ ಇಳಿ. ಆಮೇಲೆ ಮಾತು ನಿಲ್ಲಿಸು."

"ಪಡುವಣದ ನೀರು ಬೆಚ್ಚಗಿದೆ, ಗಾಳಿಯಿಲ್ಲ," ಎಂದು ವರದಿ ಒಪ್ಪಿಸಿ ಹಕ್ಕಿ ಇಳಿಯಿತು. ಒಂದು ಗೆರೆಯಾಗಿ ಉರಿದು ಮುಗಿಯಿತು. ಸಿರಿಯವ್ವ ವರದಿಯನ್ನು ಬರೆದುಕೊಂಡು, ಆಸ್ಥಾನದಲ್ಲಿ ಓದಲು ಹೊರಟಳು.

ಅಲೆಯೂರಿನಲ್ಲಿ ಅಂದಿನಿಂದ ಹೋದ ದೋಣಿಗಳೆಲ್ಲ ಬಂದವು, ಹಚ್ಚಿದ ಒಲೆಗಳೆಲ್ಲ ಉರಿದವು, ಜನ ಸುಖವಾಗಿದ್ದರು.